ಇಂಗ್ಲೆಂಡಿನ ಹಳ್ಳಿಯಲ್ಲೊಂದು ಹುಣಸೆ ಮರ

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದರಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ, ಬುದ್ಧಿ ಮಾತ್ರ ಬರುವುದಿಲ್ಲ. ತಪ್ಪು ಪೂರ್ತಿ ನನ್ನದಲ್ಲ. ಮದುವೆಯಾಗಿ ಉಡುಪಿಯಿಂದ ದುಬೈಗೆ ಬಂದವಳು ಮೊದಲ ಆರು ವರ್ಷ ಅಲ್ಲಿಯ ನೈಫ್ ಪೇಟೆಯ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತಿದ್ದೆ. ವೀಸಾ, ಮನೆ ಬಾಡಿಗೆ, ಲೈಸೆನ್ಸು, ಯಾವುದಕ್ಕೇ ಆಗಲಿ ಜನ ಬಂದು ಬಾಯಲ್ಲಿ ಹೇಳುವುದು, ನಾವು ಅರ್ಜಿಯಲ್ಲಿ ಟೈಪ್ ಮಾಡುವುದು. ಅಲ್ಲಿಯ ಮಾಲೀಕರು ಮೊದಲ ದಿನವೇ ಹೇಳಿದ್ದರು: "ಎಂತ ಬೇಕಾದ್ರೂ ಬರಿ, ಖಾಲಿ ಮಾತ್ರ ಬಿಡಬೇಡ. ಒಂದು ಜಾಗ ಖಾಲಿ ಇದ್ರೂ ಖಲಾಸ್, ಅರ್ಜಿ ವಾಪಸ್ ಬರ್ತದೆ."

ಮಚ್ಚೆ

ಒಬ್ಬ ಗಿರಾಕಿ ಬಂದರು, ನಮ್ಮ ಊರ ಕಡೆಯವರೇ. ಅರ್ಜಿಯಲ್ಲಿ "ಗುರುತಿನ ಚಿಹ್ನೆ" ಎಂದು ಒಂದು ಜಾಗ ಇತ್ತು. "ಮೈಮೇಲೆ ಮಚ್ಚೆಯೋ ಗಾಯದ ಕಲೆಯೋ ಉಂಟಾ?" ಎಂದು ಕೇಳಿದೆ.

"ಎಂತದೂ ಇಲ್ಲ ಮೇಡಂ. ನಮ್ಮಮ್ಮ ನನ್ನನ್ನು ಬಹಳ ಜೋಪಾನವಾಗಿ ಸಾಕಿದ್ದು," ಎಂದರು.

ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ನಾನು "ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ" ಎಂದು ಬರೆದು ಕಳಿಸಿಬಿಟ್ಟೆ. ಅರ್ಜಿ ಸಲೀಸಾಗಿ ಪಾಸಾಯಿತು, ನಾನು ಮರೆತೂಬಿಟ್ಟೆ.

ಎರಡು ವರ್ಷದ ನಂತರ ನವೀಕರಣಕ್ಕೆ ಅವರೇ ಬಂದರು. ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು. ಯಾವ ಆಫೀಸಿಗೆ ಹೋಗುವುದಿದ್ದರೂ ಹೆಂಡತಿ ಇಟ್ಟು ಕಳಿಸುತ್ತಿದ್ದರಂತೆ. ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಡಂ, ಈ ಸಲ ಮಚ್ಚೆಯನ್ನು ಕಾಲಿಗೆ ಹಾಕಿ. ಕೆನ್ನೆಯದ್ದು ಬೆವರಿಗೆ ಗಡ್ಡದ ತನಕ ಇಳೀತದೆ," ಎಂದರು.

ಹುಣಸೆ ಅಡರು

ಆಮೇಲೆ ಗಂಡನ ಕೆಲಸ ಅಬುಧಾಬಿಗೆ ವರ್ಗವಾಯಿತು. ನಾನು ಎಲೆಕ್ಟ್ರಾ ಸ್ಟ್ರೀಟಿನ ಒಂದು ಸಣ್ಣ ಎಂಜಿನಿಯರಿಂಗ್ ಆಫೀಸಿಗೆ ಸೆಕ್ರೆಟರಿಯಾಗಿ ಸೇರಿಕೊಂಡೆ. ಬಾಸ್ ಇಂಗ್ಲೆಂಡಿನವರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಹೋಗಿದ್ದಾರೆ, ಸಂಜೆ ಮಾತಾಡಲು ಜನ ಇಲ್ಲ. ಅವರು ಮಾತಾಡುವುದು ಇಂಗ್ಲಿಷಿನಲ್ಲೇ, ನಾನು ಇಲ್ಲಿ ಕನ್ನಡದಲ್ಲಿ ಆಡಿಸುತ್ತಿದ್ದೇನೆ ಅಷ್ಟೆ.

ಕಳೆದ ವರ್ಷ ಅವರಿಗೆ ತಮ್ಮ ಹುಟ್ಟೂರಿನಿಂದ ಒಂದು ಕಾಗದ ಬಂತು. ಅದು ಇನ್ನೂರು ಮನೆಗಳ ಹಳ್ಳಿ. ಅಲ್ಲಿಯ ಇತಿಹಾಸ ಸಂಘದವರು ಊರಿನ ಹಿರಿಯರ ಬಾಲ್ಯದ ನೆನಪುಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾರಂತೆ. ಸಂಘದ ಅಧ್ಯಕ್ಷರು ಬಾಸ್‌ನ ಸಹಪಾಠಿ. ಅವರು ತಮ್ಮ ಲೇಖನವನ್ನು ಆಗಲೇ ಬರೆದು ಮುಗಿಸಿದ್ದರು. ಅದರಲ್ಲಿ ಒಂದು ಸಾಲು ಹೀಗಿತ್ತು: "ತರಕಾರಿ ಸ್ಪರ್ಧೆಯ ದಿನ ನಮ್ಮ ಹಂದಿಯನ್ನು ಗೂಡಿನಿಂದ ಬಿಟ್ಟವನು ಈಗ ಅರಬ್ ದೇಶದಲ್ಲಿದ್ದಾನೆ."

ಓದಿದವರಿಗೆ ಬಾಸ್ ಹಂದಿ ಬಿಟ್ಟ ದಿನವೇ ಓಡಿಬಂದು ಇಲ್ಲಿ ತಲೆಮರೆಸಿಕೊಂಡಿದ್ದಾರೆ ಅನ್ನಿಸಬೇಕು, ಹಾಗಿತ್ತು ಬರವಣಿಗೆ.

ಆ ಹಂದಿ ಸ್ಪರ್ಧೆಯ ಡೇರೆಗೆ ನುಗ್ಗಿ ಬಹುಮಾನದ ಕುಂಬಳಕಾಯಿ ತಿಂದು, ಮೂರು ಕೇಕು ತಿಂದು, ಕೊನೆಗೆ ಪಾದ್ರಿಗಳ ಟೋಪಿಯ ಮೇಲೆ ಮಲಗಿತ್ತಂತೆ. ಆಗ ಬಾಸ್‌ಗೆ ಎಂಟು ವರ್ಷ. "ರಿಟೈರ್ ಆಗಿ ನಾನು ಆ ಊರಿಗೇ ಹೋಗಬೇಕು," ಎಂದರು ಅವರು. ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. "ಈ ಸಾಲು ಅಚ್ಚಾದರೆ ಬ್ರೆಡ್ ತರಲು ಹೋದಾಗಲೂ ಅಂಗಡಿಯವನು ಹಂದಿಯ ಯೋಗಕ್ಷೇಮ ಕೇಳುತ್ತಾನೆ. ನನ್ನ ಲೇಖನವೂ ಅದರಲ್ಲಿ ಬರಬೇಕು. ನೀವು ಟೈಪ್ ಮಾಡಿ."

ಹಾಗೆ ಶುರುವಾಯಿತು. ದಿನಾ ಊಟದ ನಂತರ ಅರ್ಧ ಗಂಟೆ ಅವರು ಹೇಳುವುದು, ನಾನು ಟೈಪ್ ಮಾಡುವುದು. ಕಷ್ಟ ಏನೆಂದರೆ ಅವರಿಗೆ ಅರ್ಧ ನೆನಪಿದೆ, ಅರ್ಧ ಇಲ್ಲ. "ನಮ್ಮ ಟೀಚರು ಅಂಗೈಗೆ ಹೊಡೆಯುತ್ತಿದ್ದ ಕೋಲು... ಯಾವುದರದ್ದೋ ಮರೆತಿದೆ. ಜಾಗ ಬಿಡಿ, ಆಮೇಲೆ ನೋಡೋಣ."

ಬಿಟ್ಟೆ. ಸಂಜೆಯವರೆಗೂ ಆ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು. ನಮ್ಮ ಪ್ರೈಮರಿ ಶಾಲೆಯ ಮಾಸ್ಟ್ರು ಹೊಡೆಯುತ್ತಿದ್ದದ್ದು ಹುಣಸೆ ಅಡರಿನಲ್ಲಿ, ಅಂದರೆ ಶಾಲೆಯ ಹಿಂದಿನ ಮರದಿಂದ ಮುರಿದ ಹಸಿ ಬರಲಿನಲ್ಲಿ. ಹೊಡೆಯುವ ಕೋಲು ಎಂದರೆ ನನಗೆ ಬೇರೆ ಯಾವುದೂ ಹೊಳೆಯಲಿಲ್ಲ. ಅದನ್ನೇ ತುಂಬಿದೆ. ಇಂಗ್ಲೆಂಡಿನಲ್ಲಿ ಹುಣಸೆ ಬೆಳೆಯುತ್ತದೋ ಇಲ್ಲವೋ ಎಂಬ ಯೋಚನೆ ಬಂದದ್ದು ಆ ಕಂತು ಸಂಘದವರೆಲ್ಲರಿಗೂ ಮೇಲ್ ಹೋದ ಮೇಲೆ.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಆ ಊರಿನ ಎಂಬತ್ತು ವರ್ಷದ ಒಬ್ಬ ಅಜ್ಜಿಯ ಉತ್ತರ ಬಂತು. "ಹುಣಸೆ ಕೋಲಿನ ಬಗ್ಗೆ ಓದಿ ಅಂಗೈ ಚುರುಗುಟ್ಟಿತು. ಆ ಮರ ಚರ್ಚಿನ ಹಿಂದೆ ಇತ್ತಲ್ಲವೇ?"

ಅಧ್ಯಕ್ಷರು ಒಪ್ಪಲಿಲ್ಲ. ಮರ ಇದ್ದದ್ದು ಚರ್ಚಿನ ಹಿಂದೆ ಅಲ್ಲ, ಕೊಳದ ಪಕ್ಕದಲ್ಲಂತೆ.

ಅಜ್ಜಿಯ ಗಂಜಿ

ಅಲ್ ಐನ್‌ನಲ್ಲಿ ಒಂದು ಕಟ್ಟಡದ ಕೆಲಸ ನಡೆಯುತ್ತಿತ್ತು. ಕಾರಿನಲ್ಲಿ ಹೋಗುವಾಗಲೂ ಬಾಸ್ ಹೇಳುತ್ತಿದ್ದರು, ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕುಟ್ಟುತ್ತಿದ್ದೆ. ಕಾರು ಓಡಿಸುವವರು ಪುತ್ತೂರಿನವರು, ನನ್ನನ್ನು ಅಕ್ಕ ಎನ್ನುತ್ತಾರೆ. ನಾನು ಡ್ರೈವರಣ್ಣ ಎನ್ನುತ್ತೇನೆ. ಇಬ್ಬರಲ್ಲಿ ಯಾರು ದೊಡ್ಡವರೆಂದು ಈವರೆಗೆ ತೀರ್ಮಾನವಾಗಿಲ್ಲ.

"ಮಳೆಯಲ್ಲಿ ನೆನೆದು ಬಂದರೆ ಅಜ್ಜಿ ಬಿಸಿ ಗಂಜಿ ಕೊಡುತ್ತಿದ್ದರು. ಓಟ್ಸಿನದು," ಎಂದರು ಬಾಸ್. "ಜೊತೆಗೆ ಏನೋ ಒಂದು ಇರುತ್ತಿತ್ತು. ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಜಾಗ ಬಿಡಿ." ಹೇಳಿ ನಿದ್ದೆ ಹೋದರು.

ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಗಂಜಿಗೆ ಉಪ್ಪಿನಕಾಯಿ ಅಲ್ಲದೆ ಮತ್ತೆಂತ ಅಕ್ಕ? ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

"ಮಿಡಿಯಾ, ಲಿಂಬೆಯಾ?"

"ಅಜ್ಜಿ ಹಾಕಿದ್ದು ಅಂದ್ಮೇಲೆ ಮಿಡಿಯೇ ಮಾರಾಯ್ರೆ."

ತುಂಬಿದೆ. ವಾರದೊಳಗೆ ಐದು ಮನೆಯವರು ತಮ್ಮ ಅಜ್ಜಿಯೂ ಮಾವಿನ ಮಿಡಿ ಹಾಕುತ್ತಿದ್ದರೆಂದು ಬರೆದರು. ಒಬ್ಬರಿಗೆ ಭರಣಿಯ ಬಣ್ಣವೂ ನೆನಪಿತ್ತು. ಇತಿಹಾಸ ಸಂಘದವರು, ಕಳೆದುಹೋದ ಈ ಊರಿನ ಅಡುಗೆಯನ್ನು ಮತ್ತೆ ಮಾಡುತ್ತೇವೆ, ವಿಧಾನ ಕಳಿಸಿ ಎಂದರು.

ನಾನು ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ.

"ಅಲ್ಲಿ ಮಾವಿನ ಮರ ಉಂಟಾ?" ಎಂದರು ಅಮ್ಮ.

"ಇಲ್ಲಮ್ಮ."

"ಮತ್ತೆ ಅವರ ಅಜ್ಜಿ ಎಲ್ಲಿಂದ ಹಾಕಿದ್ರು?"

"ಅದು ಅವರಿಗೂ ಗೊತ್ತಿಲ್ಲ."

ಅಮ್ಮ, "ಏನಾದ್ರೂ ಹಾಕಿಕೊಳ್ಳಲಿ, ಉಪ್ಪು ಮೆಣಸು ಮಾತ್ರ ಕಡಿಮೆ ಮಾಡಬಾರದು ಅಂತ ಹೇಳು," ಎಂದು ಲೆಕ್ಕ ಹೇಳಿದರು.

ಸಂಘದವರು ಮಿಡಿಯ ಬದಲು ಸಣ್ಣ ಹಸಿರು ಸೇಬು ಹಾಕಿದರಂತೆ. ಒಬ್ಬ ಮುದುಕರು ಬರೆದಿದ್ದರು: "ಬಾಯಿಗಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ಥೇಟ್ ನನ್ನ ಅಜ್ಜಿಯ ಕೈರುಚಿ." ಆ ನೀರು ಬಂದದ್ದು ಅಮ್ಮನ ಮೆಣಸಿಗೆ ಎಂದು ನಾನು ತಿಳಿಸಲು ಹೋಗಲಿಲ್ಲ.

ಮೂರು ಗಂಟೆಗೆ ಎಲ್ಲಿದ್ದೆ?

ಇಷ್ಟೆಲ್ಲ ಆದರೂ ಹಂದಿ ಮಾತ್ರ ಹಾಗೇ ಉಳಿದಿತ್ತು. ಬಿಟ್ಟದ್ದು ತಾನಲ್ಲ ಎಂದು ಬಾಸ್ ಬರೆದರೂ ಅಧ್ಯಕ್ಷರು ತಮ್ಮ ಸಾಲು ತೆಗೆಯಲು ಒಪ್ಪಲಿಲ್ಲ. ಗುರುವಾರ ವಿಡಿಯೊ ಕಾಲ್‌ನಲ್ಲಿ ಸಭೆ, ಹಂದಿ ಹೊರಬಿದ್ದ ಮೂರು ಗಂಟೆಗೆ ತಾನು ಎಲ್ಲಿದ್ದೆ ಎಂದು ಅವನು ಹೇಳಲಿ, ಒಪ್ಪುವಂತಿದ್ದರೆ ತೆಗೆಯೋಣ ಎಂದರು.

"ಅರವತ್ತು ವರ್ಷದ ಹಿಂದಿನ ಹಂದಿಗೆ ಈಗ ಪಂಚಾಯ್ತಿಯಾ?" ಎಂದೆ ನಾನು.

"ಅದೆಂತ ಹೆಚ್ಚು ಅಕ್ಕ? ನಮ್ಮಲ್ಲಿ ಬೇಲಿ ಎರಡಡಿ ಸರಿದದ್ದಕ್ಕೆ ಮೂರು ತಲೆಮಾರಿಂದ ಮಾತಿಲ್ಲ," ಎಂದರು ಡ್ರೈವರಣ್ಣ.

ಬುಧವಾರ ಬಾಸ್ ಹೇಳಿಕೆ ಬರೆಸಿದರು. ಎಲ್ಲ ಸರಿಯಾಗಿ ಬಂತು. "ಹಂದಿ ಹೊರಬಂದದ್ದು ಮೂರು ಗಂಟೆಗೆ. ಮೂರು ಗಂಟೆಗೆ ನಾನು..." ಎಂದು ನಿಂತರು. ಕಿಟಕಿ ನೋಡಿದರು, ಫ್ಯಾನು ನೋಡಿದರು. "ಜಾಗ ಬಿಡಿ," ಎಂದು ಎದ್ದುಹೋದರು.

ಈ ಸಲ ಕೈ ಹಾಕಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಇದು ಕೋಲಲ್ಲ, ಉಪ್ಪಿನಕಾಯಿಯಲ್ಲ, ಒಬ್ಬ ಮನುಷ್ಯನ ಮರ್ಯಾದೆ. ಐದು ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಲಿಫ್ಟಿನವರೆಗೂ ಹೋದೆ. ಲಿಫ್ಟು ಬಂತು. ನಾನು ವಾಪಸ್ ಬಂದು, "ಹುಣಸೆ ಮರದ ಕೆಳಗೆ ಕೂತು ಅಳುತ್ತಿದ್ದೆ" ಎಂದು ತುಂಬಿ ಮನೆಗೆ ಹೋದೆ.

ಮರುದಿನ ಸಭೆ. ಪರದೆಯ ಮೇಲೆ ಹದಿನೈದು ಬಿಳಿ ತಲೆಗಳು, ನಡುವೆ ಟೈ ಕಟ್ಟಿದ ಅಧ್ಯಕ್ಷರು. ನಾನು ಬಾಸ್‌ನ ಪಕ್ಕ, ಹಿಂದೆ ಡ್ರೈವರಣ್ಣ ಕೈಕಟ್ಟಿ ನಿಂತಿದ್ದಾರೆ.

"ಮೂರು ಗಂಟೆಗೆ ಎಲ್ಲಿದ್ದೆ?" ಎಂದರು ಅಧ್ಯಕ್ಷರು.

ಬಾಸ್ ಹಾಳೆ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಮೇಜಿನ ಮೇಲಿನ ಸ್ಟೇಪ್ಲರ್ ನೋಡುತ್ತಾ ಕೂತೆ. ಅವರು ಗಂಟಲು ಸರಿಮಾಡಿ, ಇದ್ದದ್ದನ್ನು ಇದ್ದ ಹಾಗೆ ಓದಿದರು.

ಆಗ ಪರದೆಯ ಮೂಲೆಯಿಂದ ಆ ಎಂಬತ್ತರ ಅಜ್ಜಿ ಕೈ ಎತ್ತಿದರು. "ಹೌದು. ನಾನೇ ನೋಡಿದ್ದೆ. ಪಾಪ, ನನ್ನ ಕರವಸ್ತ್ರ ಕೊಟ್ಟು ಮೂಗು ಒರೆಸಿದ್ದೆ. ಕರವಸ್ತ್ರ ಇನ್ನೂ ವಾಪಸ್ ಬಂದಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಕೊಳದ ಪಕ್ಕದಲ್ಲಿ ತಾನೇ?" ಎಂದು ಕೇಳಿದರು.

"ಕೊಳದ ಪಕ್ಕದಲ್ಲೇ," ಎಂದರು ಬಾಸ್.

"ನಾನು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆ. ಸಾಲು ತೆಗೆಯಿರಿ," ಎಂದರು ಅಧ್ಯಕ್ಷರು. ಡ್ರೈವರಣ್ಣ ಹಿಂದಿನಿಂದ ಚಪ್ಪಾಳೆ ಹೊಡೆದರು.

ಎರಡು ತಿಂಗಳಿಗೆ ಬಾಸ್ ಹೊರಟರು. ಡ್ರೈವರಣ್ಣ ಮತ್ತು ನಾನು ಏರ್‌ಪೋರ್ಟಿಗೆ ಬಿಡಲು ಹೋದೆವು. ಒಳಗೆ ಹೋಗುವ ಮುಂಚೆ ನಾನು ಧೈರ್ಯ ಮಾಡಿ, "ಸರ್, ಆ ಹುಣಸೆ ಮರ..." ಎಂದೆ.

"ಹತ್ತು ವರ್ಷ ನಿಮ್ಮ ಡಬ್ಬಿಯಿಂದ ಸಾರು ಕುಡಿದಿದ್ದೇನೆ. ಹುಣಸೆ ಎಲ್ಲಿಯದೆಂದು ನನಗೆ ಗೊತ್ತಿಲ್ಲವೇ?" ಎಂದರು ಅವರು. "ಆದರೆ ಊರಿಗೆ ಊರೇ ಇತ್ತು ಅಂದಾಗ ನಾನೊಬ್ಬನೇ ಇಲ್ಲ ಅನ್ನಲಿಕ್ಕೆ ಮನಸ್ಸಾಗಲಿಲ್ಲ."

"ಹಾಗಾದರೆ ಹಂದಿ?"

ಬಾಸ್ ಆಚೀಚೆ ನೋಡಿ ದನಿ ತಗ್ಗಿಸಿದರು. "ಬಾಗಿಲು ತೆಗೆದದ್ದು ನಾನೇ. ಅದಕ್ಕೂ ಕುಂಬಳಕಾಯಿ ನೋಡಬೇಕು ಅನ್ನಿಸಿತ್ತು."

ಫಲಕ

ಕಳೆದ ತಿಂಗಳು ಅವರಿಂದ ಒಂದು ಫೋಟೊ ಬಂತು. ಕೊಳದ ಪಕ್ಕದಲ್ಲಿ ಹೊಸ ಬೆಂಚು, ಅದರ ಹಿಂದೆ ಮರದ ಫಲಕ: "ಇಲ್ಲಿ ನಮ್ಮ ಊರಿನ ಹುಣಸೆ ಮರವಿತ್ತು." ಬೆಂಚಿನ ಮೇಲೆ ಬಾಸ್ ಮತ್ತು ಅಧ್ಯಕ್ಷರು ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದಾರೆ. ಕೆಳಗೆ ಬಾಸ್ ಬರೆದಿದ್ದರು: "ಮರ ಕಡಿದ ವರ್ಷವನ್ನೂ ಕೆತ್ತಬೇಕಂತೆ. ನನಗೆ ನೆನಪಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ."

ನಾನು ಬಹಳ ಹೊತ್ತು ಅದನ್ನೇ ನೋಡಿದೆ. ನಮ್ಮ ಶಾಲೆಯ ಹಿಂದಿನ ಹುಣಸೆ ಮರವನ್ನು ರಸ್ತೆ ಅಗಲ ಮಾಡಲು ಕಡಿದಾಗ ನಾನು ಐದನೇ ಕ್ಲಾಸು. ಅದರ ಏಟು ತಿಂದವರೇ ನಾವು, ಆದರೂ ಎಲ್ಲರೂ ಸಾಲಾಗಿ ನಿಂತು ಅತ್ತಿದ್ದೆವು. ಅಲ್ಲಿ ಯಾರೂ ಬೆಂಚು ಹಾಕಲಿಲ್ಲ, ಫಲಕ ಹಾಕಲಿಲ್ಲ. ಆ ಬೇಸರ ನನಗೆ ಇವತ್ತಿಗೂ ಇದೆ. ಆ ವರ್ಷವನ್ನೇ ತುಂಬಿ ಕಳಿಸಿದೆ, ವರ್ಷ ಮಾತ್ರ.

ಮಧ್ಯಾಹ್ನದೊಳಗೆ ಅಜ್ಜಿಯ ಉತ್ತರ ಬಂತು: "ವರ್ಷ ಸರಿಯಾಗಿದೆ. ಆ ದಿನ ಮಕ್ಕಳೆಲ್ಲ ಸಾಲಾಗಿ ನಿಂತು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ."