ಹಾರುವ ಹುಡುಗಿ ಮತ್ತು ನಮ್ಮತ್ತೆಯ ಕಣ್ಣು

ಬರಿಹೊಟ್ಟೆಯಲ್ಲಿ ಜಗತ್ತನ್ನು ಉಳಿಸಲು ಹೋಗಬಾರದು ಎಂಬುದು ನಮ್ಮ ಸೋದರತ್ತೆಯ ಖಚಿತ ಅಭಿಪ್ರಾಯ. ಜಯಲಕ್ಷ್ಮಿಪುರಂ ನಿವಾಸಿ, ವಯಸ್ಸು ಎಪ್ಪತ್ತಮೂರು, ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದವರು. ಈಗ ಅವರ ಭೂಗೋಳವೆಲ್ಲ ತಿರುಗುವುದು ಟಿವಿಯ ಒಬ್ಬ ಹಾರುವ ಹುಡುಗಿಯ ಸುತ್ತ! ಬೆನ್ನಿಗೆ ಕೆಂಪು ವಸ್ತ್ರ ಕಟ್ಟಿಕೊಂಡು, ಕಟ್ಟಡದಿಂದ ಕಟ್ಟಡಕ್ಕೆ ಹಾರಿ ದುಷ್ಟರನ್ನು ಬಡಿಯುವ ಆ ಪರದೇಶದವಳು ಅತ್ತೆಯ ಬಾಯಲ್ಲಿ 'ನಮ್ಮ ಹುಡುಗಿ'.

"ಅಷ್ಟು ಎತ್ತರಕ್ಕೆ ಹೋಗ್ತಾಳೆ, ಕಿವಿಗೆ ಒಂಚೂರು ಹತ್ತಿ ಇಟ್ಕೋಬಾರ್ದೇನೋ?" ಎಂದು ನನ್ನನ್ನು ಕೇಳುತ್ತಾರೆ, ಅವಳ ಅಂಗಿ ಹೊಲಿದವನು ನಾನೇ ಎಂಬಂತೆ.

ಈ ಕತೆಯಲ್ಲಿ ನನಗೂ ಒಂದು ಪಾತ್ರವಿದೆ. ಆ ಧಾರಾವಾಹಿಯವರಾಡುವ ಭಾಷೆ ನಮಗಿಬ್ಬರಿಗೂ ತಿಳಿಯದು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ಅತ್ತೆಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಅಕ್ಷರವೆಲ್ಲ ಇರುವೆ ಸಾಲಾಗಿಬಿಟ್ಟಿತ್ತು. ಹಾಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ನಾನು ಶ್ರೀರಾಂಪುರದಿಂದ ಸ್ಕೂಟರಿನಲ್ಲಿ ಹೋಗಿ, ಪಕ್ಕದಲ್ಲಿ ಕೂತು, ಓದಿ ಓದಿ ಕನ್ನಡದಲ್ಲಿ ಹೇಳಬೇಕು. ಹೇಳುವಾಗ ಅಲ್ಪಸ್ವಲ್ಪ ತಿದ್ದುಪಡಿಯನ್ನೂ ಮಾಡುತ್ತಿದ್ದೆ. ಹುಡುಗಿ ವೈನ್ ಕುಡಿದರೆ ದ್ರಾಕ್ಷಿ ರಸ. ಗೆಳೆಯನ ಮನೆಗೇ ಹೋಗಿ ಇದ್ದುಬಿಟ್ಟಾಗ, "ರಿಜಿಸ್ಟರ್ ಮದುವೆ ಆಯ್ತು ಅತ್ತೆ" ಎಂದೆ.

"ಅಷ್ಟು ಸುಲಭವಾಗಿ ಮುಗಿಸ್ಬುಟ್ರಾ? ಒಂದು ಆರತೀನೂ ಇಲ್ವೇ?" ಎಂದು ಒಂದು ವಾರ ಕೊರಗಿದರು.

ಇವೆಲ್ಲ ಚಿಲ್ಲರೆ ಸುಳ್ಳು. ದೊಡ್ಡದನ್ನು ಹೇಳಿದ್ದು ಎರಡನೇ ಸೀಸನ್ನಿನ ಕೊನೆಯಲ್ಲಿ. ಹುಡುಗಿಯ ತಾಯಿ ಪ್ರವಾಹಕ್ಕೆ ಸಿಕ್ಕಿ ಸಾಯುತ್ತಾಳೆ. ಜಗತ್ತನ್ನೆಲ್ಲ ಉಳಿಸಿದವಳಿಗೆ ತಾಯಿಯನ್ನು ಉಳಿಸಲಾಗುವುದಿಲ್ಲ. ಅತ್ತೆಗೆ ಮಸುಕು ಮಸುಕಾಗಿ ನೀರು ಕಂಡಿತು, ಅಳು ಕೇಳಿಸಿತು.

"ಯಾಕೋ ಅಳ್ತಾಳೆ?"

"ಅವರಮ್ಮ ಊರಿಗೆ ಹೋದ್ರು ಅತ್ತೆ. ಬಸ್ ಹತ್ತಿಸಿ ಬಂದಳು."

ಮುಗಿಯಿತಲ್ಲ! ಅಂದಿನಿಂದ ಲೋಕದ ಅಭಿಮಾನಿಗಳೆಲ್ಲ ಮೂರನೇ ಸೀಸನ್ನಿನಲ್ಲಿ ಖಳನಾಯಕ ಮತ್ತೆ ಬರುತ್ತಾನೋ ಇಲ್ಲವೋ ಎಂದು ಕಾದರೆ, ನಮ್ಮತ್ತೆ ಮಾತ್ರ ಅವರಮ್ಮ ಊರಿಂದ ಬರುವುದನ್ನೇ ಕಾದರು. ಎರಡು ವರ್ಷ! ದಸರೆಗೆ ಗೊಂಬೆ ಕೂರಿಸಿದಾಗ, ಒಂದು ಪ್ಲಾಸ್ಟಿಕ್ ಗೊಂಬೆಗೆ ಕೆಂಪು ರವಿಕೆ ಕಣ ಕಟ್ಟಿ ಪಟ್ಟದ ರಾಜ ರಾಣಿಯರ ತಲೆಯ ಮೇಲೆ ದಾರದಲ್ಲಿ ತೂಗುಬಿಟ್ಟರು. ಗೊಂಬೆ ನೋಡಲು ಬಂದ ಮಗುವೊಂದು, "ಇದು ಯಾವ ದೇವರು ಅಜ್ಜಿ?" ಎಂದಿತು.

"ಹೊಸ ದೇವರು ಪುಟ್ಟಿ. ಇನ್ನೂ ಮೂರನೇ ಸೀಸನ್ ಬರಬೇಕು."

ವಿಜಯದಶಮಿಯ ರಾತ್ರಿ ಪದ್ಧತಿಯಂತೆ ರಾಜ ರಾಣಿಯರನ್ನು ಮಲಗಿಸಿದರು. ಹುಡುಗಿಯನ್ನು ಮಾತ್ರ ಇಳಿಸಲಿಲ್ಲ. "ಅವರಮ್ಮ ಬರೋವರೆಗೂ ಅವಳಿಗೆ ನಿದ್ದೆ ಎಲ್ಲಿ ಬರುತ್ತೆ?" ಎಂದರು. ನಾನು ಇನ್ನೊಂದು ಚಮಚ ಕೋಸಂಬರಿ ಬಾಯಿಗೆ ಹಾಕಿಕೊಂಡೆ.

ಕೊನೆಗೂ ಸುದ್ದಿ ಬಂತು. ಮುಂದಿನ ತಿಂಗಳ ಕೊನೆಯ ಶುಕ್ರವಾರ, ಮಧ್ಯಾಹ್ನ ಹನ್ನೆರಡೂವರೆಗೆ ಮೂರನೇ ಸೀಸನ್. ಅತ್ತೆ ಪಂಚಾಂಗ ತರಿಸಿ ನನ್ನಿಂದ ಓದಿಸಿ, "ರಾಹುಕಾಲ ಕಳೆದ ಮೇಲೇ ಇಟ್ಟಿದ್ದಾರೆ. ತಿಳಿದೋರು ಕಣೋ" ಎಂದು ಆ ಪರದೇಶದವರನ್ನು ಮೆಚ್ಚಿಕೊಂಡರು. ಆಮೇಲೆ ನಾನು ಕನಸಿನಲ್ಲೂ ಎಣಿಸದ ಕೆಲಸ ಮಾಡಿದರು. ನಾವೆಲ್ಲ ಬೇಡಿಕೊಂಡರೂ "ನೋಡೋದೆಲ್ಲ ನೋಡಾಯ್ತು" ಎಂದು ಕಣ್ಣಿನ ಆಪರೇಷನ್ನು ಮುಂದೂಡುತ್ತಿದ್ದವರು, ತಾವೇ ಆಸ್ಪತ್ರೆಗೆ ಫೋನ್ ಮಾಡಿದರು.

"ಅವರಮ್ಮ ಬರೋದನ್ನ ನಿನ್ನ ಬಾಯಿಂದ ಕೇಳಿದ್ರೆ ಸಾಲದು. ನಾನೇ ಕಣ್ಣಾರೆ ನೋಡಬೇಕು."



ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆದರು. ಅದೇನು ವಿಜಯ ಅಂತೀರಿ! ಡಾಕ್ಟರು ಅಕ್ಷರದ ಫಲಕ ತೋರಿಸಿದರೆ, ಅತ್ತೆ ಕೊನೆಯ ಸಾಲು ಮುಗಿಸಿ ಅದರ ಕೆಳಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದರು. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ಕಾಗುಣಿತ ತಿದ್ದಿದರು. ಮನೆಗೆ ಬಂದು ನನ್ನ ಮುಖ ನೋಡಿ, "ಯಾವಾಗೋ ಇಷ್ಟು ನರೆತೆ ನೀನು?" ಎಂದರು. ಬಳಿಕ ಬಾಂಬು ಹಾಕಿದರು.

"ಹೊಸದು ಬರೋದ್ರೊಳಗೆ ಹಳೇ ಎರಡೂ ಸೀಸನ್ ನೋಡ್ಬುಡ್ತೀನಿ. ನೀನು ಬರಬೇಡ, ಈಗ ನಾನೇ ಓದ್ಕೋತೀನಿ."

ಎರಡು ಭಾನುವಾರ ನನಗೆ ನೆಗಡಿ. ಅಂದರೆ, ಫೋನಿನಲ್ಲಿ ನೆಗಡಿ. ಬಿಡುಗಡೆಯ ಶುಕ್ರವಾರ ಬೆಳಿಗ್ಗೆ ಅವರೇ ಫೋನ್ ಮಾಡಿ, "ಹನ್ನೆರಡಕ್ಕೆ ಬಾ, ಊಟ ಇಲ್ಲೇ" ಎಂದಷ್ಟೇ ಹೇಳಿ ಇಟ್ಟರು.

ಹೋದೆ. ಒಬ್ಬಟ್ಟು ಬಡಿಸುತ್ತಾ ವಿಚಾರಣೆ ಶುರುವಾಯಿತು.

"ದ್ರಾಕ್ಷಿ ರಸ ಅಂದ್ಯಲ್ಲ, ಬಾಟ್ಲಿ ನೋಡಿದೆ ಕಣೋ."

"ಅತ್ತೆ, ಅದೂ ದ್ರಾಕ್ಷಿದೇ..."

"ರಿಜಿಸ್ಟರ್ ಮದುವೆ ಎಲ್ಲಾಯ್ತು? ಎರಡು ಸಲ ಹುಡುಕಿದೆ."

ನಾನು ತಲೆ ತಗ್ಗಿಸಿ ತುಪ್ಪ ಕಲೆಸುತ್ತಿದ್ದೆ. ದೊಡ್ಡ ಸುಳ್ಳಿನ ಸರದಿ ಬರಲೇ ಇಲ್ಲ. ಕಾದು ಕಾದು ನಾನೇ ಬಾಯಿ ಬಿಟ್ಟೆ.

"ಅತ್ತೆ, ಅವರಮ್ಮ..."

"ಅದಿರಲಿ ಬುಡು." ಇನ್ನೊಂದು ಒಬ್ಬಟ್ಟು ಹಾಕಿದರು. "ಅವತ್ತು ಯಾವ ಭಾನುವಾರ ಅಂತ ಲೆಕ್ಕ ಹಾಕಿದೆ. ನಿಮ್ಮಮ್ಮನ ವೈಕುಂಠ ಸಮಾರಾಧನೆ ಆಗಿ ಮೂರೇ ದಿನ. ಆದ್ರೂ ನನ್ನ ಕಣ್ಣಿಗೋಸ್ಕರ ನೀನು ಬಂದು ಕೂತಿದ್ದೆ. ಆ ಮಾತು ನಿನ್ನ ಬಾಯಲ್ಲಿ ಎಂಗೋ ಬಂದೀತು?"

ಹೌದು, ಬಂದಿರಲಿಲ್ಲ. 'ಅಮ್ಮ ಸತ್ತಳು' ಎಂದು ಬೇರೆ ಯಾರ ಅಮ್ಮನ ಬಗ್ಗೆಯೂ ಅವತ್ತು ಹೇಳಲು ನನ್ನಿಂದಾಗಿರಲಿಲ್ಲ.

ಹನ್ನೆರಡೂವರೆಗೆ ಸರಿಯಾಗಿ ಮೂರನೇ ಸೀಸನ್ ಶುರುವಾಯಿತು. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆ ಬರೆಸುವ ಮೇಡಂ ಹಾಗೆ ಕೂತರು. ಹುಡುಗಿ ಹಾರಿದಳು, ಸೇತುವೆ ಹಿಡಿದು ನಿಲ್ಲಿಸಿದಳು, ಸುಸ್ತಾಗಿ ಮನೆಗೆ ಬಂದು ಹಾಗೇ ನಿದ್ದೆಹೋದಳು. ಕನಸಿನಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಕೈಯಲ್ಲಿ ಸೌಟು ಹಿಡಿದು ಅವಳ ತಾಯಿ ನಿಂತಿದ್ದಳು.

"ನೋಡೋ, ಬಂದ್ಬುಟ್ರು ಊರಿಂದ" ಎಂದರು ಅತ್ತೆ.

ತಾಯಿ ಏನೋ ಹೇಳಿದಳು. ಕೆಳಗೆ ಅಕ್ಷರ ಬಂತು, ಆದರೆ ನನಗದು ನೀರಿನಲ್ಲಿ ಅದ್ದಿದಂತೆ ಕಂಡಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು ನಿಧಾನವಾಗಿ ಓದಿ ಹೇಳಿದರು.

"'ಊಟ ಮಾಡಿದ್ಯಾ ಮಗು' ಅಂತಿದ್ದಾರೆ."

ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಕ್ಷರ ಹೋಗಿತ್ತು. ಅಲ್ಲಿ ನಿಜಕ್ಕೂ ಏನು ಬರೆದಿತ್ತು ಎಂದು ನಾನು ಇವತ್ತಿನವರೆಗೂ ಹಿಂದೆ ಹೋಗಿ ನೋಡಿಲ್ಲ.