ಗಂಗವ್ವನ ಕಟ್ಟೆ ಕಾಯ್ದದ್ದು

ಒಂದು ಕಡೆ ಸುಮ್ಮನೆ ಕುಳಿತಿರುವುದಕ್ಕೂ ಅರ್ಹತೆ ಬೇಕೆಂದು ನನಗೆ ಗೊತ್ತಿರಲಿಲ್ಲ. ವೈದ್ಯಕೀಯ ಓದುವವಳಿಗೆ ಕೂರುವುದೇ ಅಭ್ಯಾಸ!

ದುರ್ಗದಬೈಲು ಪೇಟೆಯ ಮುಚ್ಚಿದ ಅಂಗಡಿಯೊಂದರ ಕಟ್ಟೆಯೇ ಗಂಗವ್ವನ ಮನೆ. ಸಕ್ಕರೆ ಕಾಯಿಲೆಯಿಂದ ಅಜ್ಜಿಯ ಕಾಲಿನ ಹುಣ್ಣು ಕಪ್ಪಾಗತೊಡಗಿತ್ತು. ತಡಮಾಡಿದರೆ ಪಾದವೇ ಹೋದೀತೆಂದು ನಾನೂ ಸಹಪಾಠಿ ಸವಿತಾಳೂ ಎಷ್ಟು ಹೇಳಿದರೂ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ.

"ನಾ ಎದ್ದರ ಈ ಜಾಗಾ ಹೋಗ್ತೈತಿ. ಕಾಲ್ ಉಳಿಸ್ಕೊಂಡು ಎಲ್ಲಿ ಮಲಗ್ಲಿ?"

"ನಾ ಕೂತು ಕಾಯ್ತೇನಿ ಅಜ್ಜಿ, ಹೋಗಿ ಬರ್ರಿ," ಎಂದೆ. ಎಷ್ಟು ಸರಳ ಪರಿಹಾರ!

ಗಂಗವ್ವನನ್ನು ಸವಿತಾ ಆಟೋ ಹತ್ತಿಸಿ, ತಾನೂ ಹತ್ತಿದಳು. ಗಂಗವ್ವ ತಲೆ ಹೊರಹಾಕಿ, "ಏಳಬ್ಯಾಡ ನೋಡ್ ಮತ್ತ!" ಎಂದರು.

ಬಿಳಿ ಕೋಟು ಮಡಚಿಟ್ಟು ಅವರ ಕೌದಿಯ ಮೇಲೆ ಕುಳಿತೆ. ಗಡ್ಡದವನೊಬ್ಬ ಎರಡು ಸುತ್ತು ಹಾಕಿ, ಕಟ್ಟೆಯನ್ನು ಕಣ್ಣಲ್ಲೇ ಅಳೆದು ಹೋದ. ಏಳಲಿಲ್ಲ. ನಾಯಿ ಮೂಸಿತು. ಏಳಲಿಲ್ಲ. ನಮ್ಮ ಓಣಿಯ ಕಾಕು ಕಾಯಿಪಲ್ಲೆ ಚೀಲದೊಂದಿಗೆ ಎದುರು ನಿಂತು, "ಅಯ್ಯ, ನೀನಾ? ಮನ್ಯಾಗ ಗೊತ್ತೈತೇನ?" ಎಂದರು. ಆದರೂ ಏಳಲಿಲ್ಲ!

ಆಗ ತಲೆಯ ಮೇಲೆ ಗಂಟು ಹೊತ್ತ ಅಜ್ಜಿಯೊಬ್ಬರು ಮುಂದೆ ಬಂದು "ಉಸ್ಸಪ್ಪಾ" ಎಂದರು.

"ಬರ್ರಿ ಅಜ್ಜಿ, ಕೂಡ್ರಿ," ಎಂದು ಎದ್ದುಬಿಟ್ಟೆ.

ಹೊಸ ಅಜ್ಜಿ ಕುಳಿತರು. ಗಂಟು ಬಿಚ್ಚಿದರು. ಮೂಲೆಯಲ್ಲಿ ತಂಬಿಗೆ ಇಟ್ಟರು. ಕಾಲು ಚಾಚಿದರು.

"ಅಜ್ಜಿ, ಇದು ಬ್ಯಾರೆದವ್ರ ಜಾಗಾರಿ…"

"ನೀನಾ ಎದ್ದು ಕೊಟ್ಟೀಯಲ್ಲಬೇ?"

ಮೊದಲು ವಿನಂತಿಸಿದೆ. ಆಮೇಲೆ ಇನ್ನೂ ವಿನಯದಿಂದ ವಿನಂತಿಸಿದೆ. ಅವರು ಎಲೆ ಅಡಿಕೆ ಹಾಕಿಕೊಂಡರು. ನಾಳೆಯೂ ಹುಣ್ಣಿನ ಡ್ರೆಸ್ಸಿಂಗ್ ಇರುತ್ತದೆ. ಜಾಗ ಹೋದದ್ದು ಕಂಡರೆ ಗಂಗವ್ವ ಮತ್ತೆ ಆಸ್ಪತ್ರೆಯತ್ತ ಸುಳಿಯುವುದಿಲ್ಲ. ಆ ಕಾಲನ್ನು ನನ್ನ ಸಭ್ಯತೆಯೇ ತೆಗೆದಂತಾಗುತ್ತದೆ! ಪ್ರತಿ ಆಟೋ ಸದ್ದಿಗೂ ರಸ್ತೆಯತ್ತ ತಿರುಗಿ ನೋಡುತ್ತಿದ್ದೆ.

ಕಡೆಗೆ ಅದೇ ಆಟೋ ಬಂತು. ಬ್ಯಾಂಡೇಜಿನ ಕಾಲು ಇಳಿಸಿ ಗಂಗವ್ವ ಕಟ್ಟೆ ನೋಡಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಯಾರ್ ಕೂಡ್ಸಿದ್ರು ನಿನ್ನ?" ಎಂದು ಹೊಸ ಅಜ್ಜಿಯನ್ನು ಕೇಳಿದರು.

"ಇಕಿನಾ!" ಎಂದು ಹೊಸ ಅಜ್ಜಿ ನನ್ನತ್ತ ಕೈ ತೋರಿದರು. ಕೈ ಇಳಿಸುವಾಗ ಬ್ಯಾಂಡೇಜು ಕಂಡಿತು. "ಕಾಲಿಗೇನಾತಬೇ?"

"ಹುಣ್ಣು. ನಾಳಿ ಮತ್ತ ಬಾ ಅಂದಾರ."

ಹೊಸ ಅಜ್ಜಿ ಗಂಟು ಎಳೆದುಕೊಂಡು ಪಕ್ಕಕ್ಕೆ ಸರಿದರು. "ಹೋಗ್ ಬಾ. ನಾ ಇರ್ತೇನಿ."

"ಬ್ಯಾಡ್ರಿ, ನಾಳಿನೂ ನಾನಾ ಕೂಡ್ತೇನಿ," ಎಂದೆ ಆತುರದಿಂದ.

"ನೀ ಓದಾಕ ಸಾಲಿಗೆ ಹೋಗವ್ವ," ಎಂದರು ಗಂಗವ್ವ. "ಇಕಿ ಏಳು ಅಂದ್ರ ಏಳಾಕಿ ಅಲ್ಲ. ನೀನಾ ನೋಡೀಯಲ್ಲ!"

ಮನೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮುಂದಿನ ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಹತ್ತಿದರು.

ಅಮರಗೋಳದವರೆಗೂ ನಿಂತೇ ಹೋದೆ.