ಲಗ್ನಪತ್ರಿಕೆಗೆ ಹಾಕಿದ ಬೀಗ

ಮಗಳು ಶ್ವೇತಳ ಲಗ್ನಪತ್ರಿಕೆಯಲ್ಲಿ ಒಂದೇ ಒಂದು ತಪ್ಪೂ ಇರಕೂಡದು ಎಂದು ನಾನು ಶಪಥ ಮಾಡಿದೆ. ಭೀಷ್ಮನ ಶಪಥವೂ ಇಷ್ಟು ಗಟ್ಟಿ ಇರಲಾರದು. ಪಾಪ, ಅವನ ಬಳಿ ಕಂಪ್ಯೂಟರ್ ಇರಲಿಲ್ಲ!

ಕಂಪ್ಯೂಟರಿನಲ್ಲಿ ಕಚೇರಿಯ ಅರ್ಜಿ ನಮೂನೆಗಳಿಗೆ ಬೀಗ ಹಾಕುವುದರಲ್ಲಿ ನನ್ನದು ಎತ್ತಿದ ಕೈ. ಬೀಗ ಬಿದ್ದ ಮೇಲೆ ಬೂದು ಬಣ್ಣದ ಚೌಕಗಳಲ್ಲಿ ಮಾತ್ರ ಬರೆಯಬಹುದು. ಉಳಿದದ್ದನ್ನು ಬ್ರಹ್ಮ ಬಂದರೂ ಅಲುಗಿಸಲಾರ. ಅದೇ ಅಸ್ತ್ರವನ್ನು ಪತ್ರಿಕೆಯ ಮೇಲೆ ಬಿಟ್ಟೆ. ದೇವರು, ಮುಹೂರ್ತ, ಛತ್ರ, ಎಲ್ಲಕ್ಕೂ ಬೀಗ. ಹೆಸರು ಬರಬೇಕಾದ ಕಡೆಯೆಲ್ಲ ‘ಇಲ್ಲಿ ಹೆಸರು ತುಂಬಿರಿ’ ಎಂಬ ಚೌಕ. ನೆಂಟರು ತಮ್ಮ ಹೆಸರನ್ನು ತಾವೇ ತುಂಬಲಿ, ಆಮೇಲೆ ಮುಖ ಊದಿಸುವುದು ಬೇಡ! ಯಜಮಾನನಾದ ನಾನು ಎಲ್ಲರ ನಂತರ ತುಂಬಿದರಾಯಿತು.

ಫೈಲು ಮೊದಲು ನಾಗಮಂಗಲಕ್ಕೆ, ಹೆಂಡತಿ ಪ್ರಮೀಳೆಯ ತಮ್ಮ ಪುಟ್ಟಸ್ವಾಮಿಗೆ ಹೋಯಿತು. ತಕ್ಷಣ ಫೋನು.

“ಭಾವ, ಎಸ್ರೇನೋ ಬರುದೆ. ಅಕ್ಷರ ದಪ್ಪ ಆಗ್ತಾನೇ ಇಲ್ವಲ್ಲ?”

“ಆಗಲ್ಲ ಕಣ್ಲಾ. ಬೀಗ ಹಾಕಿವ್ನಿ.”

“ಸೋದರಮಾವನ ಎಸ್ರುಗೇ ಬೀಗ ಹಾಕ್ಬುಟ್ರಾ? ಅಂಗಾರೆ ಮಗೀನ ಧಾರೆ ಮಂಟಪಕ್ಕೆ ಕರ್ಕೊಂಡು ಬರಕ್ಕೂ ನಿಮ್ಮ ಕಂಪ್ಯೂಟರ್‌ಗೇ ಹೇಳಿ. ನಾ ಬರಲ್ಲ!”

ಪ್ರಮೀಳಾ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. “ನನ್ ತಮ್ಮ ಬರ್ದೆ ಧಾರೆ ಎಂಗ್ರೀ ನಡೀತದೆ? ನಾಕ್ ಅಕ್ಷರ ದಪ್ಪ ಮಾಡುದ್ರೆ ನಿಮ್ಮಪ್ಪನ ಮನೆ ಗಂಟು ಓಯ್ತದಾ?”

ಅಪ್ಪನ ಹೆಸರೆತ್ತಿದ್ದೇ ತಡ, ಹಳೆಯದೆಲ್ಲ ನೆನಪಾಯಿತು. ಅಕ್ಕ ಪುಟ್ಟಗೌರಮ್ಮನ ಮದುವೆಗೆ ಅಪ್ಪ ನನ್ನನ್ನು ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು ನಮ್ಮೂರು ಪಾಲಹಳ್ಳಿಯಿಂದ ಶ್ರೀರಂಗಪಟ್ಟಣದ ಅಚ್ಚುಕೂಟಕ್ಕೆ ಹೋಗಿದ್ದರು. ಮಸಿ, ಸೀಮೆಎಣ್ಣೆ ಬೆರೆತ ಆ ವಾಸನೆ! ಕಾಲಲ್ಲಿ ತುಳಿಯುವ ಯಂತ್ರದ ಆ ಲಟಪಟ! ಅಲ್ಲಿದ್ದ ದಪ್ಪ ಅಕ್ಷರದ ಅಚ್ಚಿನ ಮೊಳೆಗಳೆಲ್ಲ ದೇವರ ಹೆಸರು ಜೋಡಿಸುವಷ್ಟರಲ್ಲೇ ಮುಗಿದುಹೋದವು. ನೆಂಟರೆಲ್ಲ ಸಮಾನವಾಗಿ ಸಣ್ಣ. ಅಪ್ಪ ಮೂಲೆಗಳಿಗೆ ಅರಿಸಿನ ಹಚ್ಚಿ, ಮನೆಮನೆಗೂ ಹೋಗಿ ಪತ್ರಿಕೆ ಕೊಟ್ಟು, ಮಜ್ಜಿಗೆ ಕುಡಿದು ಬಂದರು. ಒಬ್ಬರೂ ಮುನಿಯಲಿಲ್ಲ.

ಆದರೆ ನಾನು ಹೊಸ ಕಾಲದವನಲ್ಲವೇ! ಪತ್ರಿಕೆಯನ್ನು ಎರಡು ಭಾಗ ಮಾಡಿದೆ. ಮೇಲಿನದಕ್ಕೆ ಬೀಗ ಉಳಿಸಿ, ಕೆಳಗಿನ ‘ಸುಖಾಗಮನ ಬಯಸುವವರು’ ಭಾಗವನ್ನಷ್ಟೇ ಬಿಡುಗಡೆ ಮಾಡಿದೆ. ಅಲ್ಲೀಗ ದಪ್ಪ, ಓರೆ, ಬಣ್ಣ, ಎಲ್ಲಕ್ಕೂ ಸ್ವಾತಂತ್ರ್ಯ!

ಪುಟ್ಟಸ್ವಾಮಿ ತನ್ನ ಹೆಸರನ್ನು ಕುಂಬಳಕಾಯಿಯಷ್ಟು ಮಾಡಿದ. ಫೈಲು ಪಾಂಡವಪುರದ ಅಕ್ಕನ ಮನೆ ತಲುಪಿತು. “ಅವ್ನು ಸೋದರಮಾವ ಆದ್ರೆ ನಾನು ಸೋದರತ್ತೆ ಅಲ್ವೇನ್ಲಾ?” ಎಂದು ಅಕ್ಕ ಸೊಸೆಯ ಕೈಯಲ್ಲಿ ತನ್ನ ಹೆಸರನ್ನು ಇನ್ನೂ ಉಬ್ಬಿಸಿ, ಕೆಂಪು ಬಳಿಸಿದಳು. ಮೇಲೆ ವಧೂವರರು ಎರಡು ಇರುವೆಗಳಂತೆ ಕಂಡರು! ನಾನು ಅಕ್ಕ, ಪುಟ್ಟಸ್ವಾಮಿ ಇಬ್ಬರ ಹೆಸರಿನ ಗಾತ್ರವನ್ನೂ ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದಂತೆ ಸಮ ಮಾಡುವಷ್ಟರಲ್ಲಿ ಬೆವತುಹೋದೆ. “ಒಂದಕ್ಷರ ಮುಟ್ಟಿದರೂ ನೋಡಿ!” ಎಂದು ಅಚ್ಚಿನವರಿಗೆ ಗರ್ಜಿಸಿ ಫೈಲು ಕಳಿಸಿದೆ. ಪುಣ್ಯಾತ್ಮರು ಒಂದಕ್ಷರವನ್ನೂ ಮುಟ್ಟಲಿಲ್ಲ.

ಕಟ್ಟು ಬಂತು. ಪ್ರಮೀಳಾ ಮೊದಲ ಪತ್ರಿಕೆಯನ್ನು ದೇವರ ಮುಂದಿಟ್ಟಳು. ಶ್ವೇತ ಬಗ್ಗಿ ಓದಿದಳು.

“ಅಪ್ಪಾ, ನಾನು ‘ಶ್ರೀಮತಿ ಪ್ರಮೀಳಾ ಮತ್ತು ಶ್ರೀ ಇಲ್ಲಿ ಹೆಸರು ತುಂಬಿರಿ’ ಅವರ ಮಗಳಂತೆ!”

ನಾನು ಪತ್ರಿಕೆ ಕಿತ್ತುಕೊಂಡು ನೋಡಿದೆ, ಕೊನೆಗೆ ತುಂಬೋಣವೆಂದ ನನ್ನ ಚೌಕ ಹಾಗೇ ಇತ್ತು! ಪ್ರಮೀಳಾ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಮನೆಗೆಲ್ಲ ಬೀಗ ಜಡುದು, ನಿಮ್ಮಪ್ಪ ತಾವೇ ಆಚೆ ನಿಂತ್ಕಬುಟ್ರು ಕಣವ್ವ!”

ಮತ್ತೆ ಅಚ್ಚು ಹಾಕಿಸಲು ಪುರುಸೊತ್ತಿರಲಿಲ್ಲ. ಸ್ಕೂಟರಿನ ಹಿಂದೆ ಪ್ರಮೀಳಾ, ನನ್ನ ಜೇಬಿನಲ್ಲಿ ಪೆನ್ನು! ಥೇಟ್ ಅಪ್ಪನ ಹಾಗೆ ಮನೆಮನೆಗೂ ಹೊರಟೆ. ಪಾಂಡವಪುರದಲ್ಲಿ ಅಕ್ಕ ತನ್ನ ಕೆಂಪು ಹೆಸರನ್ನು ನೋಡಲೇ ಇಲ್ಲ. “ಅಪ್ಪನಂಗೇ ಮನೆಗೆ ಬಂದ್ಯಲ್ಲೋ” ಎಂದು ಕಣ್ಣೊರೆಸಿಕೊಂಡು ಮಜ್ಜಿಗೆ ಕೊಟ್ಟಳು.

ನಾಗಮಂಗಲದಲ್ಲಿ ಪುಟ್ಟಸ್ವಾಮಿ ಎಳನೀರು ಕೆತ್ತಿಕೊಟ್ಟು ಪಕ್ಕದಲ್ಲೇ ಕೂತ. ನಾನು ತೊಡೆಯ ಮೇಲೆ ಪತ್ರಿಕೆ ಇಟ್ಟುಕೊಂಡು, ‘ಇಲ್ಲಿ ಹೆಸರು ತುಂಬಿರಿ’ ಎಂಬುದನ್ನು ಹೊಡೆದುಹಾಕಿ, ಮೇಲೆ ಸಣ್ಣಗೆ ‘ರವೀಂದ್ರ’ ಎಂದು ಬರೆಯತೊಡಗಿದೆ.

“ಭಾವ, ನೀವೇ ಬಂದು ಕರುದ್ರಲ್ಲ, ಧಾರೆಗೆ ಎಲ್ರಿಗಿಂತ ಮೊದ್ಲು ಬತ್ತೀನಿ. ನನ್ ಎಸ್ರು ಅತ್ಲಾಗಿರ್ಲಿ ಬುಡಿ,” ಎಂದು ಅವನು ನನ್ನ ಕೈ ಹಿಡಿದ. “ನಿಮ್ಮೆಸ್ರ ವಸಿ ದಪ್ಪಕ್ಕೆ ಬರೀರಿ!”